ಬಿಜೆನ್ ಸಾಕೆ ಬಟ್ಟಲಿನ ಕೆಂಪು ಗೆರೆ ಬಣ್ಣ ಅಲ್ಲ: ಒಂದು ಸ್ಪಷ್ಟನೆ

ಹೋದ ವಾರ ನಾನು ಜಪಾನಿನ ಬಿಜೆನ್ ಎಂಬ ಮಣ್ಣಿನ ಪಾತ್ರೆ ಶೈಲಿಯ ಸಾಕೆ (ಅಕ್ಕಿಯ ಮದ್ಯ) ಕುಡಿಯುವ ಬಟ್ಟಲುಗಳ ಫೋಟೋ ಹಾಕಿ, ಅದರ ಮೇಲಿನ ಕೆಂಪು ಗೆರೆಗಳನ್ನು ಕುಂಚದಲ್ಲಿ ಬರೆದು ಮೇಲೆ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಹಚ್ಚುತ್ತಾರೆ ಎಂದು ಬರೆದಿದ್ದೆ. ಅದು ತಪ್ಪು. ಆ ಮೆಸೇಜ್ ಈಗ ಬೇರೆ ಗುಂಪುಗಳಲ್ಲೂ ಓಡಾಡುತ್ತಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಓಕಾಯಾಮಾ ಪ್ರಾಂತ್ಯದ ಇಂಬೆ ಸುತ್ತಮುತ್ತ ಮಾಡುವ ಸಾಂಪ್ರದಾಯಿಕ ಬಿಜೆನ್ ಪಾತ್ರೆಗೆ ಗ್ಲೇಜ್ ಹಚ್ಚುವುದಿಲ್ಲ, ಚಿತ್ರವನ್ನೂ ಬರೆಯುವುದಿಲ್ಲ. ಆ ಕೆಂಪು ಗೆರೆಗೆ ಹಿದಸುಕಿ ಎನ್ನುತ್ತಾರೆ. ಅದು ಭತ್ತದ ಹುಲ್ಲಿನ ಗುರುತು! ಪಾತ್ರೆಗಳು ಒಂದಕ್ಕೊಂದು ಅಂಟದಿರಲಿ ಎಂದು ಮೊದಲು ನಡುವೆ ಹುಲ್ಲು ಇಡುತ್ತಿದ್ದರು, ಆಮೇಲೆ ಆ ಗುರುತೇ ಚೆಂದ ಎನಿಸಿ ಬೇಕೆಂದೇ ಹುಲ್ಲು ಸುತ್ತಿ ಸುಡುವುದು ಶುರುವಾಯಿತು. ಹುಲ್ಲಿನಲ್ಲಿರುವ ಪೊಟ್ಯಾಸಿಯಂ ಮಣ್ಣಿನ ಜೊತೆ ಬೆರೆತಾಗ, ಮಣ್ಣಿನೊಳಗಿನ ಕಬ್ಬಿಣದ ಅಂಶ ಅಲ್ಲಿ ಮಾತ್ರ ಕೆಂಪಾಗಿ ಮೂಡುತ್ತದೆ.

ಇನ್ನು ಎಳ್ಳು ಚೆಲ್ಲಿದಂತೆ ಕಾಣುವ ಹಳದಿ ಚುಕ್ಕೆಗಳು. ಅದಕ್ಕೆ ಹೆಸರೂ ಗೋಮ, ಅಂದರೆ ಎಳ್ಳು ಅಂತಲೇ. ಪೈನ್ ಸೌದೆ ಉರಿದು ಹಾರಿದ ಬೂದಿ ಬಟ್ಟಲಿನ ಮೇಲೆ ಕೂತು, ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಗಾಜಿನಂತೆ ಅಂಟಿಕೊಳ್ಳುತ್ತದೆ. ಒಲೆ ಹಲವು ದಿನ, ಒಮ್ಮೊಮ್ಮೆ ಎರಡು ವಾರದವರೆಗೂ ಹಗಲು ರಾತ್ರಿ ಉರಿಯುತ್ತದೆ. ಬಟ್ಟಲನ್ನು ಒಲೆಯ ಯಾವ ಜಾಗದಲ್ಲಿ ಇಟ್ಟಿದ್ದಾರೆ ಎನ್ನುವುದರ ಮೇಲೆ ಅದರ ಮೈ ಬದಲಾಗುತ್ತದೆ. ಹಾಗಾಗಿ ಎರಡು ಬಟ್ಟಲು ಒಂದೇ ಥರ ಇರುವುದಿಲ್ಲ, ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವುದೂ ಅದೇ.

ಹಳೆಯ ಮೆಸೇಜ್ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಇನ್ನು ಯಾರಿಗೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅವರಿಗೆ ಇದನ್ನೂ ತಲುಪಿಸಿ.