ರೀಲು ಓಡುವಾಗ ‘ಪಾಜ್ ಮಾಡಿ’ ಅನ್ನಬೇಡಿ

ನಿನ್ನೆ ರಾತ್ರಿಯ ಕೋಪ ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ. ಆಮೇಲಾದರೆ ದಾಕ್ಷಿಣ್ಯಕ್ಕೆ ಬಿದ್ದು ಅರ್ಧ ಮಾತು ನುಂಗಿಕೊಳ್ಳುತ್ತೇನೆ.

ನಿನ್ನೆ ನಮ್ಮನೆ ಹಾಲಿನಲ್ಲಿ ಸಿನಿಮಾ ಹಾಕಿದ್ದೆ. 16 ಎಂಎಂ ಪ್ರಿಂಟು, ಅಂದರೆ 16 ಮಿಲಿಮೀಟರ್ ಅಗಲದ ಫಿಲಂ ಪ್ರತಿ, ಕಪ್ಪು-ಬಿಳುಪು. ಎರಡನೇ ರೀಲು ನಡೆಯುತ್ತಿತ್ತು. ಬಹಳ ವರ್ಷದ ಮೇಲೆ ಎದುರಾದ ಅಣ್ಣ ತಮ್ಮ ಮಾತಿಲ್ಲದೆ ಕೂತಿರುವ ಉದ್ದನೆಯ ದೃಶ್ಯ. ಕೋಣೆಯಲ್ಲಿ ಪ್ರೊಜೆಕ್ಟರ್ ಸದ್ದು ಬಿಟ್ಟರೆ ಇನ್ನೇನಿಲ್ಲ. ಆಗ ಒಬ್ಬರ ಫೋನು ಬೆಳಗಿತು. ಎದ್ದವರೇ ಬೆಳಕಿಗೆ ಅಡ್ಡ ನಿಂತು, ನನ್ನ ಕಡೆ ಕೈ ಎತ್ತಿ, “ಒಂದ್ನಿಮಿಷ ಪಾಜ್ ಮಾಡಿ, ಮಾತಾಡ್ಕೊಂಡು ಬಂದ್ಬಿಡ್ತೀನಿ” ಅಂದರು. ನಾನು ನಿಲ್ಲಿಸಲಿಲ್ಲ. ಹೊರಗೆ ಹೋಗಿ ಬಂದು ಮುಖ ಊದಿಸಿಕೊಂಡು ಕೂತರು. ಹೊರಡುವಾಗ ಬಾಗಿಲಲ್ಲಿ ನಿಂತು, “ಒಂದು ನಿಮಿಷ ನಿಲ್ಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ಅಂತ ಕೇಳಿದರು.

ನನ್ನ ಗಂಟೇ ಹೋಗುತ್ತಿತ್ತು. ಹೇಗೆ ಅಂತ ಹೇಳುತ್ತೇನೆ.

ನನಗೆ ಪ್ರಿಂಟು ಕೂಡಿಡುವ ಹುಚ್ಚು ಇರುವುದು ನಿಮಗೆಲ್ಲ ಗೊತ್ತು. ಮನೆಯ ಒಂದು ಕೋಣೆ ಡಬ್ಬಗಳ ಪಾಲಾಗಿರುವುದೂ ಗೊತ್ತು. ಆದರೆ ಪ್ರೊಜೆಕ್ಟರ್ ಒಳಗೆ ಏನು ನಡೆಯುತ್ತದೆ ಅಂತ ಹೆಚ್ಚಿನವರು ಬಗ್ಗಿ ನೋಡಿಲ್ಲ. 16 ಎಂಎಂ ಫಿಲಂನ ಒಂದು ಅಡಿಯಲ್ಲಿ 40 ಚಿತ್ರಗಳಿರುತ್ತವೆ. ಸೆಕೆಂಡಿಗೆ 24ರಂತೆ ಅವು ಗೇಟಿಗೆ, ಅಂದರೆ ಲ್ಯಾಂಪಿನ ಬೆಳಕು ಹಾಯುವ ಕಿಂಡಿಗೆ, ಬಂದು ನಿಂತು ಮುಂದೆ ಹೋಗಬೇಕು. ಒಂದು ಸಣ್ಣ ಕೊಕ್ಕೆ ಅಂಚಿನ ತೂತಿಗೆ ಸಿಕ್ಕಿಕೊಂಡು ಒಂದೊಂದೇ ಚಿತ್ರವನ್ನು ಕೆಳಗೆ ಎಳೆಯುತ್ತದೆ. ಎಳೆಯುವಷ್ಟು ಹೊತ್ತು ಶಟರ್ ಬೆಳಕನ್ನು ಮುಚ್ಚಿರುತ್ತದೆ. ಉಗುರಿನಷ್ಟಿರುವ ಆ ಚಿತ್ರದ ಮೇಲೆ ಲ್ಯಾಂಪಿನ ಅಷ್ಟೂ ಬೆಳಕು, ಅಷ್ಟೂ ಬಿಸಿ ಬೀಳುತ್ತದೆ. ಒಂದು ಸೆಕೆಂಡನ್ನು 24 ಪಾಲು ಮಾಡಿದರೆ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು ಅಲ್ಲಿರುತ್ತದೆ ಅನ್ನುವ ಕಾರಣಕ್ಕೆ ಮಾತ್ರ ಅದು ತಾಳಿಕೊಳ್ಳುತ್ತದೆ. ಲ್ಯಾಂಪು ಉರಿಯುತ್ತಿರುವಾಗ ಹಾಗೇ ನಿಲ್ಲಿಸಿದರೆ ಚಿತ್ರ ಮೊದಲು ಕಂದುತ್ತದೆ, ಗುಳ್ಳೆ ಏಳುತ್ತದೆ, ಆಮೇಲೆ ನಡುವೆ ತೂತು ಬೀಳುತ್ತದೆ. ನಿಲ್ಲಿಸಿದಾಗ ಬಿಸಿಗೆ ಅಡ್ಡ ಬರುವ ಏರ್ಪಾಡು ಕೆಲವು ಪ್ರೊಜೆಕ್ಟರ್‌ಗಳಲ್ಲಿದೆ. ಅದನ್ನು ನಂಬಿ ನನ್ನ ಪ್ರಿಂಟನ್ನು ಒಡ್ಡಲು ನಾನು ತಯಾರಿಲ್ಲ.

ಲ್ಯಾಂಪ್ ಆರಿಸಿ ಮೋಟರ್ ನಿಲ್ಲಿಸಬಹುದಲ್ಲ ಅಂತೀರಿ. ನಿಲ್ಲಿಸಬಹುದು. ಆದರೆ ನಿಲ್ಲಿಸಿ ಮತ್ತೆ ಹೊರಡಿಸಿದಾಗಲೆಲ್ಲ ಫಿಲಂಗೆ ಒಂದು ಜಗ್ಗು ಬೀಳುತ್ತದೆ. ಹಳೆಯ ಪ್ರಿಂಟಿನ ತೂತುಗಳು ಅಂಥ ಜಗ್ಗಿಗೇ ಸೀಳುವುದು. ಸೀಳಿ ತುಂಡಾಯಿತು ಅಂದರೆ ಎರಡೂ ಕಡೆ ಹಾಳಾದ ಚಿತ್ರಗಳನ್ನು ಕತ್ತರಿಸಿ ಜಾಯಿಂಟ್ ಹಾಕಬೇಕು. ಆ ಚಿತ್ರಗಳು ಹೋದವು, ಮತ್ತೆ ಬರುವುದಿಲ್ಲ. ಸಾಲದ್ದಕ್ಕೆ, 16 ಎಂಎಂನಲ್ಲಿ ಧ್ವನಿ ಇರುವುದು ಅದರ ಚಿತ್ರದ ಪಕ್ಕದಲ್ಲಲ್ಲ, 26 ಚಿತ್ರಗಳಷ್ಟು ಮುಂದೆ. ಹಾಗಾಗಿ ಜಾಯಿಂಟ್ ಬಂದಾಗ ಮೊದಲು ಚಿತ್ರ ಎಡವುತ್ತದೆ, ಒಂದು ಸೆಕೆಂಡ್ ಬಿಟ್ಟು ಮಾತು ಎಡವುತ್ತದೆ. ಒಂದು ಕತ್ತರಿಗೆ ಎರಡು ಗಾಯ. ಯಾರದೋ ಫೋನ್ ಕರೆಗೋಸ್ಕರ ಇದನ್ನು ಆ ಸಿನಿಮಾಗೆ ನಾನು ಯಾಕೆ ಮಾಡಬೇಕು?

ನೀವು ಬಂದು ಕೂರುವ ಮೊದಲು ಏನೇನು ಆಗಿರುತ್ತದೆ ಅನ್ನುವುದೂ ಕೇಳಿ. ಪ್ರತಿ ರೀಲನ್ನೂ ಬೆಂಚಿನ ಮೇಲೆ ಕೈಯಲ್ಲಿ ಸುತ್ತುತ್ತೇನೆ. ಹತ್ತಿಯ ಗ್ಲೌಸ್ ಹಾಕಿಕೊಂಡು ಅಂಚನ್ನು ಬೆರಳಿನ ನಡುವೆ ಹಿಡಿದಿರುತ್ತೇನೆ. ಸೀಳಿದ ತೂತು ಬಂದರೆ ಗ್ಲೌಸಿನ ನೂಲು ಅಲ್ಲಿ ಸಿಕ್ಕಿಕೊಳ್ಳುತ್ತದೆ, ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಸಡಿಲವಾದ ಜಾಯಿಂಟ್ ಬಿಚ್ಚಿ ಹೊಸದಾಗಿ ಹಾಕುತ್ತೇನೆ. ಗೇಟು ಒರೆಸುತ್ತೇನೆ, ಮತ್ತೆ ಒರೆಸುತ್ತೇನೆ. ಗೇಟಿನಲ್ಲಿ ಗಟ್ಟಿಯಾದ ಒಂದು ಕಣ ಉಳಿದರೂ ರೀಲಿನ ತುದಿಯಿಂದ ತುದಿಗೆ ಗೀರು ಎಳೆಯುತ್ತದೆ. ಬಣ್ಣದ ಪ್ರಿಂಟಿನಲ್ಲಿ ಹಸಿರು ಗೆರೆ ಕುಣಿಯುವುದನ್ನು ನೋಡಿದ್ದೀರಲ್ಲ, ಅದು ಬಣ್ಣದ ಮೊದಲ ಪದರ ಕೆರೆದುಹೋದ ಗುರುತು. ಹಳದಿ ಗೆರೆ ಕಂಡರೆ ಎರಡನೇ ಪದರವೂ ಹೋಗಿದೆ ಅಂತ. ಆ ಕೆಲಸದಲ್ಲಿ ನನಗೆ ಬೇಸರ ಅನ್ನುವುದಿಲ್ಲ. ಆ ಬೆಂಚಿನ ಮುಂದೆ ಕೂತಿರುವ ಹೊತ್ತಿನಷ್ಟು ನೆಮ್ಮದಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇಷ್ಟು ಜೋಪಾನ ಮಾಡಿದರೂ ಪ್ರಿಂಟು ಓಡಿದಷ್ಟೂ ಸವೆಯುತ್ತದೆ. ಇದೇ ನನ್ನ ಮುಖ್ಯ ಮಾತು. ಫೈಲಿಗೆ ನೂರು ಸಲ ನೋಡಿದರೂ ಏನೂ ಆಗುವುದಿಲ್ಲ. ಪ್ರಿಂಟಿಗೆ ಒಂದೊಂದು ಪ್ರದರ್ಶನವೂ ಖರ್ಚು. ನಿಮ್ಮನ್ನು ಕರೆದು ಕೂರಿಸಿದಾಗ ನಾನು ಆ ಖರ್ಚಿಗೆ ಒಪ್ಪಿ, ಇವರು ನೋಡಲಿ ಅಂತ ರೀಲು ಏರಿಸಿರುತ್ತೇನೆ. ಅದಕ್ಕೆ ನೀವು ಕೊಡಬೇಕಾದ್ದು ನೋಟ ಮಾತ್ರ. ಅದನ್ನೂ ಕೊಡದೆ ‘ಪಾಜ್ ಮಾಡಿ’ ಅಂದರೆ ನನಗೆ ನೋವಾಗುತ್ತದೆ. ಹೌದು, ನೋವೇ.

ನನ್ನ ಹೆಂಡತಿ ಅಂದಳು: “ಮನೆಗೆ ಬಂದೋರ ಹತ್ರ ಇಷ್ಟು ಬಿಗಿ ಸರಿಯಲ್ಲ. ವಯಸ್ಸಾದೋರು ಇರ್ತಾರೆ, ಮಕ್ಕಳಿರ್ತಾರೆ, ಯಾರಿಗೋ ತುರ್ತು ಇರುತ್ತೆ.” ಇರುತ್ತದೆ, ಒಪ್ಪುತ್ತೇನೆ. ಆದರೆ ಎದ್ದು ಹೋದವರ ಮೇಲೆ ನಾನು ಯಾವತ್ತು ರೇಗಿದ್ದೇನೆ? 1600 ಅಡಿಯ ದೊಡ್ಡ ರೀಲು ಸುಮಾರು 44 ನಿಮಿಷಕ್ಕೆ ಮುಗಿಯುತ್ತದೆ. ಇರುವುದು ಒಂದೇ ಪ್ರೊಜೆಕ್ಟರ್, ರೀಲು ಬದಲಿಸಲು ದೀಪ ಹಾಕಲೇಬೇಕು. ಆಗ ಎಲ್ಲರೂ ಏಳಿ, ಮಾತಾಡಿ, ಕರೆ ಮಾಡಿ. ನಡುವೆ ಏಳಬೇಕಾಗಿ ಬಂದರೂ ಏಳಿ, ಬಗ್ಗಿಕೊಂಡು ಹೋಗಿ ಬನ್ನಿ, ತಪ್ಪಿದ್ದನ್ನು ನಾನೇ ಆಮೇಲೆ ಹೇಳುತ್ತೇನೆ. ನಿಮ್ಮ ಕರೆ ಮುಗಿಯುವವರೆಗೆ ಸಿನಿಮಾ ಕಾಯಬೇಕು, ಉಸಿರು ಹಿಡಿದು ನೋಡುತ್ತಿದ್ದ ಉಳಿದವರೆಲ್ಲ ಕಾಯಬೇಕು ಅನ್ನುವುದಿದೆಯಲ್ಲ, ನನ್ನ ಜಗಳ ಅದರ ಜೊತೆ.

ಎಲ್ಲರ ಕೈಗೂ ರಿಮೋಟ್ ಬಂದ ಮೇಲೆ ಸಿನಿಮಾ ಅಂದರೆ ನಮಗೆ ಬಿಡುವಾದಾಗ ಮುಂದುವರಿಯುವ ವಸ್ತು ಆಗಿಬಿಟ್ಟಿದೆ. ಹತ್ತು ನಿಮಿಷ ಇವತ್ತು, ಇಪ್ಪತ್ತು ನಿಮಿಷ ನಾಳೆ. ನಿನ್ನೆಯ ಆ ದೃಶ್ಯದಲ್ಲಿ ಅಣ್ಣ ತಮ್ಮ ಎಷ್ಟು ಹೊತ್ತು ಸುಮ್ಮನಿರಬೇಕು ಅಂತ ಒಬ್ಬ ನಿರ್ದೇಶಕ, ಒಬ್ಬ ಎಡಿಟರ್ ಅಳೆದು ಇಟ್ಟಿದ್ದಾರೆ. ಆ ಮೌನದ ನಡುವೆ ನಮ್ಮ ಒಂದು ನಿಮಿಷ ತುರುಕಿದರೆ ಅದು ಅವರು ಮಾಡಿದ ದೃಶ್ಯವಾಗಿ ಉಳಿಯುವುದಿಲ್ಲ.

“ಅದೇ ಸಿನಿಮಾ 4ಕೆಯಲ್ಲಿ ಸಿಗುತ್ತೆ, ಈ ಗೀರು, ಈ ಗುಲಾಬಿ ಬಣ್ಣ ಯಾಕೆ?” ಅನ್ನುವವರೂ ಇದ್ದಾರೆ. ಗುಲಾಬಿ ನಿಜ. ಈಸ್ಟ್‌ಮನ್‌ಕಲರ್ ಅನ್ನುವ ಬಣ್ಣದ ಫಿಲಂನ ಹಳೆಯ ಪ್ರಿಂಟುಗಳಲ್ಲಿ ನೀಲಿ-ಹಸಿರು ಬಣ್ಣವೇ ಮೊದಲು ಮಾಸುತ್ತದೆ, ಉಳಿಯುವುದು ಕೆಂಪು ಛಾಯೆ. ಟೆಕ್ನಿಕಲರ್ ಕಂಪನಿಯವರು ಬಣ್ಣವನ್ನು ಅಚ್ಚು ಒತ್ತಿ ತೆಗೆದ ಪ್ರಿಂಟು ಇವತ್ತಿಗೂ ಕಣ್ಣು ಕುಕ್ಕುತ್ತದೆ. ಸಿಗುವ 4ಕೆ ನೋಡಿ, ನಾನೂ ನೋಡುತ್ತೇನೆ. ಆದರೆ ಆ 4ಕೆ ಆಕಾಶದಿಂದ ಇಳಿದದ್ದಲ್ಲ, ಯಾರೋ ಎಲ್ಲೋ ಎಸೆಯದೆ ಇಟ್ಟುಕೊಂಡ ಫಿಲಂನಿಂದ ಬಂದದ್ದು. 1927ರ ಜರ್ಮನ್ ಮೂಕಿಚಿತ್ರ ‘ಮೆಟ್ರೊಪೊಲಿಸ್’ ಬಿಡುಗಡೆಯಾದ ಕೆಲವೇ ತಿಂಗಳಲ್ಲಿ ಕತ್ತರಿಗೆ ಸಿಕ್ಕಿತು. ಕತ್ತರಿಸಿದ ಭಾಗ ಇನ್ನಿಲ್ಲ ಅಂತಲೇ ದಶಕಗಳ ಕಾಲ ನಂಬಿದ್ದರು. 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಂನಲ್ಲಿ ಹೆಚ್ಚುಕಡಿಮೆ ಪೂರ್ತಿ ಸಿನಿಮಾದ 16 ಎಂಎಂ ಪ್ರತಿ ಸಿಕ್ಕಿತು. ಅದರ ಮೂಲ ಒಬ್ಬ ಖಾಸಗಿ ಸಂಗ್ರಾಹಕರ ಪ್ರಿಂಟು. ಓಡಿ ಓಡಿ ಗೀರು ಬಿದ್ದಿದ್ದ ಪ್ರಿಂಟಿನಿಂದ ತೆಗೆದ ಪ್ರತಿ ಅದು, ಆ ಗೀರುಗಳೂ ಚಿತ್ರದ ಜೊತೆ ಅಚ್ಚಾಗಿವೆ, 2010ರ ಪುನರುದ್ಧಾರದಲ್ಲೂ ಪೂರ್ತಿ ಹೋಗಲಿಲ್ಲ. ನನಗಂತೂ ಆ ಗೀರುಗಳ ಮೇಲೆ ಗೌರವ ಇದೆ. ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನ’ ಗೀರು ಬಿದ್ದಾದರೂ ಉಳಿದಿದ್ದರೆ ನಾವು ಎಷ್ಟು ಖುಷಿಯಿಂದ ನೋಡುತ್ತಿದ್ದೆವು!

ಒಂದು ವಿಷಯ ಮನೆಯಲ್ಲೂ ಸರಿಯಾಗಿ ಹೇಳಿಲ್ಲ, ಇಲ್ಲೇ ಹೇಳುತ್ತೇನೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಿಂಟಿನ ಡಬ್ಬ ಈಚೆಗೆ ತೆರೆದಾಗ ವಿನೆಗರ್ ವಾಸನೆ ಮೂಗಿಗೆ ಬಡಿಯಿತು. ಡಬ್ಬ ಮುಚ್ಚಿಟ್ಟು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನಿಂದ ಮಾಡಿದ ಫಿಲಂ ಶಾಖಕ್ಕೆ, ತೇವಕ್ಕೆ ಒಳಗಿಂದಲೇ ಒಡೆಯಲು ಶುರುವಾದರೆ ಅಸಿಟಿಕ್ ಆಮ್ಲ ಬಿಡುತ್ತದೆ, ವಿನೆಗರ್ ವಾಸನೆ ಅದರದೇ, ಆ ಆಮ್ಲವೇ ಮತ್ತಷ್ಟು ಒಡೆಯುವಂತೆ ಮಾಡುತ್ತದೆ. ಪಕ್ಕದ ಡಬ್ಬಗಳಿಗೂ ಅಪಾಯ. ತಂಪಾದ ಒಣ ಜಾಗದಲ್ಲಿಟ್ಟರೆ ನಿಧಾನವಾಗುತ್ತದೆ, ವಾಸಿಯಾಗುವುದಿಲ್ಲ. ಫಿಲಂ ಕುಗ್ಗುತ್ತಾ ಬಂದಂತೆ ತೂತುಗಳಿಗೂ ಫಿಲಂ ಸಾಗಿಸುವ ಸ್ಪ್ರಾಕೆಟ್ ಚಕ್ರದ ಹಲ್ಲಿಗೂ ತಾಳೆ ತಪ್ಪುತ್ತದೆ. ಶೇಕಡಾ 1ರಷ್ಟು ಕುಗ್ಗಿತೆಂದರೆ ಪ್ರೊಜೆಕ್ಟರ್‌ಗೆ ಹಾಕುವುದೇ ಅಪಾಯ. ಇಷ್ಟು ವರ್ಷ ಅದನ್ನು ಯಾರಿಗೂ ತೋರಿಸದೆ ಇಟ್ಟಿದ್ದೆ, ಸವೆದುಹೋದೀತು ಅಂತ.

ಈಗ ಅದನ್ನು ಬೇರೆ ಕೋಣೆಗೆ ಸಾಗಿಸಿದ್ದೇನೆ. ಮೊದಲು ಸ್ಕ್ಯಾನ್ ಮಾಡಿಸುತ್ತೇನೆ. ಆಮೇಲೂ ಕುಗ್ಗಿದ ಅಳತೆ ಮಿತಿಯೊಳಗೇ ಇದ್ದರೆ ನಮ್ಮ ಹಾಲಿನಲ್ಲಿ ಒಂದು ಸಲ, ಒಂದೇ ಸಲ, ಓಡಿಸುತ್ತೇನೆ. ಬರಬೇಕು ಅನ್ನಿಸಿದವರು ಫೋನ್ ಮಾಡಿ ಹೇಳಿ. ದುಡ್ಡು ಗಿಡ್ಡು ಏನಿಲ್ಲ, ಗೆಳೆಯರಿಗೆ ತೋರಿಸುವುದು, ಅಷ್ಟೇ. ನಾಲ್ಕು ರೀಲು, ನಡುವೆ ಮೂರು ಸಲ ದೀಪ ಹಾಕುತ್ತೇನೆ, ಕೆಲಸ ಇದ್ದರೆ ಆಗ ಮುಗಿಸಿಕೊಳ್ಳಿ. ರೀಲು ಓಡುತ್ತಿರುವಾಗ ಯಾರು ಏನೇ ಅಂದರೂ, ಎಷ್ಟೇ ಮುನಿಸಿಕೊಂಡರೂ, ನಾನು ನಿಲ್ಲಿಸುವುದಿಲ್ಲ.