ಬ್ರಿಟನ್ನಿನ ಎಂಪಿಗಳು ಮೊದಲಿನಿಂದಲೂ ಸರಳವಾಗಿದ್ದರೇ?

ಬ್ರಿಟನ್ನಿನ ಮಂತ್ರಿಯೊಬ್ಬರು ಲಂಡನ್ನಿನ ಟ್ಯೂಬ್ ರೈಲಿನಲ್ಲಿ, ಅಂದರೆ ನೆಲದಡಿಯ ಮೆಟ್ರೋದಲ್ಲಿ, ನಿಂತು ಹೋಗುವ ಫೋಟೋ ಊರಿನ ವಾಟ್ಸಾಪ್ ಗುಂಪಿಗೆ ಬಂದರೆ ಸಾಕು, ಕೆಳಗೆ ನಮ್ಮ ಶಾಸಕರಿಗೆ ಬೈಗುಳ ಶುರು. ‘ಇವರನ್ನ ನೋಡಿ ಕಲೀಬೇಕು’ ಅಂತ. ಲಂಡನ್ನಿನಲ್ಲಿರುವ ನನಗೂ ಆ ಬೈಗುಳ ಅರ್ಧ ಸರಿ ಅನಿಸುತ್ತದೆ. ಇನ್ನರ್ಧವನ್ನು ಇಲ್ಲಿನ ಚರಿತ್ರೆ ಒಪ್ಪುವುದಿಲ್ಲ.

ಹದಿನೆಂಟನೇ ಶತಮಾನದ ಎಂಪಿ ಚಾರ್ಲ್ಸ್ ಜೇಮ್ಸ್ ಫಾಕ್ಸ್ ದೊಡ್ಡ ಮಾತುಗಾರ, ಅಷ್ಟೇ ದೊಡ್ಡ ಜೂಜುಕೋರ. ಸೇಂಟ್ ಜೇಮ್ಸ್ ಬೀದಿಯ ಬ್ರೂಕ್ಸ್ ಕ್ಲಬ್ಬಿನಲ್ಲಿ ರಾತ್ರಿಯಿಡೀ ಇಸ್ಪೀಟು. ಅವನ ಸಾಲ ತೀರಿಸಲು ಅಪ್ಪ ಲಕ್ಷ ಪೌಂಡಿಗೂ ಹೆಚ್ಚು ತೆರಬೇಕಾಯಿತು. ಅವನ ರಾಜಕೀಯ ಎದುರಾಳಿ ಕಿರಿಯ ವಿಲಿಯಂ ಪಿಟ್ 24ನೇ ವಯಸ್ಸಿಗೇ ಪ್ರಧಾನಿ. ಜೂಜಿಲ್ಲ, ಆದರೆ ಪೋರ್ಟ್ ವೈನ್ ಜಾಸ್ತಿ. ಪ್ರಧಾನಿಯಾಗಿದ್ದಾಗಲೇ, 1798ರಲ್ಲಿ, ಸದನದ ಮಾತಿನ ಜಗಳಕ್ಕೆ ಪಟ್ನಿ ಹೀತ್ ಬಯಲಿನಲ್ಲಿ ಇನ್ನೊಬ್ಬ ಎಂಪಿ ಟಿಯರ್ನಿಯ ಜೊತೆ ಪಿಸ್ತೂಲು ಹಿಡಿದು ನಿಂತ. 1806ರಲ್ಲಿ ಸತ್ತಾಗ ಅವನ ಸಾಲಕ್ಕೆ ಪಾರ್ಲಿಮೆಂಟೇ 40,000 ಪೌಂಡ್ ಮಂಜೂರು ಮಾಡಿತು. ಇಂಥವರ ಫೋಟೋ ಯಾರೂ ಫಾರ್ವರ್ಡ್ ಮಾಡಲ್ಲ ಬಿಡಿ.

ಚುನಾವಣೆಯ ಬಾಡೂಟವೂ ನಾವು ಕಂಡುಹಿಡಿದದ್ದಲ್ಲ. 1768ರಲ್ಲಿ ನಾರ್ಥಾಂಪ್ಟನ್ ಊರಿನಲ್ಲಿ ಅರ್ಲ್ ಪದವಿಯ ಮೂವರು ಶ್ರೀಮಂತ ಜಮೀನ್ದಾರರು ತಂತಮ್ಮ ಅಭ್ಯರ್ಥಿಗಳಿಗಾಗಿ ಮತದಾರರಿಗೆ ಬಂಗಲೆ ಬಾಗಿಲು ತೆರೆದು ಉಣ್ಣಿಸಿದರು, ಕುಡಿಸಿದರು. ಒಬ್ಬರ ಮನೆಯಲ್ಲಿ ಪೋರ್ಟ್ ಮುಗಿದು ಬೇರೆ ವೈನ್ ಕೊಟ್ಟಾಗ, ಜನ ರುಚಿಯಿಲ್ಲ ಅಂತ ಇನ್ನೊಬ್ಬರ ಮನೆಗೆ ನಡೆದರು ಅನ್ನುವ ಕಥೆಯಿದೆ. ನಾರ್ಥಾಂಪ್ಟನ್ನಿನ ಅರ್ಲ್ ಈ ಖರ್ಚಿನಲ್ಲಿ ಮುಳುಗಿ ಸ್ವಿಟ್ಜರ್ಲೆಂಡಿಗೆ ಹೋದ. ಸತ್ತದ್ದೂ ಅಲ್ಲೇ.

ಇದನ್ನೆಲ್ಲ ಬದಲಿಸಿದ್ದು ಕಾನೂನು. 1872ರಲ್ಲಿ ಗುಟ್ಟಿನ ಮತದಾನ ಬಂತು. ದುಡ್ಡು ಕೊಟ್ಟರೂ ಮತದಾರ ಯಾರಿಗೆ ಹಾಕಿದ ಅಂತ ನೋಡುವಂತಿಲ್ಲ. 1883ರಲ್ಲಿ ಅಭ್ಯರ್ಥಿಯ ಖರ್ಚಿಗೆ ಮಿತಿ ಹಾಕಿದರು. ಆದರೂ ಎಂಪಿಗೆ ಸಂಬಳವಿರಲಿಲ್ಲ, ಹಾಗಾಗಿ ಉಳ್ಳವರದ್ದೇ ಕಾರುಬಾರು. ಕಾರ್ಮಿಕ ಸಂಘಗಳು ತಮ್ಮ ಎಂಪಿಗಳಿಗೆ ದುಡ್ಡು ಕೊಡುತ್ತಿದ್ದವು. 1909ರಲ್ಲಿ ಕೋರ್ಟು ಅದನ್ನೂ ತಡೆಯಿತು. ಕೊನೆಗೆ 1911ರಲ್ಲಿ ವರ್ಷಕ್ಕೆ 400 ಪೌಂಡ್ ಸಂಬಳ ನಿಗದಿಯಾಯಿತು. 1950ರ ಹೊತ್ತಿಗೆ ಪ್ರಧಾನಿ ಆಟ್ಲಿ ಮನೆಯ ಕಾರಿನಲ್ಲೇ ದೇಶ ಸುತ್ತಿ ಪ್ರಚಾರ ಮಾಡಿದರು. ಕಾರು ಓಡಿಸಿದವರು ಹೆಂಡತಿ ವಯಲೆಟ್.

ಅದಾದ ಮೇಲೂ ಎಲ್ಲರೂ ಹರಿಶ್ಚಂದ್ರರಾಗಲಿಲ್ಲ. 2009ರಲ್ಲಿ ಎಂಪಿಗಳ ಖರ್ಚಿನ ಬಿಲ್ಲುಗಳು ಬಯಲಾದಾಗ, ಒಬ್ಬರು ತಮ್ಮ ಕೊಳದ ಬಾತುಕೋಳಿಗಳ ಗೂಡಿಗೂ ಸರ್ಕಾರದ ದುಡ್ಡು ಕೇಳಿದ್ದರು. ಅದು ಸಿಗಲಿಲ್ಲ, ಮಾನ ಹೋಯಿತು. ಆಮೇಲೆ ಲೆಕ್ಕ ನೋಡುವ ಕೆಲಸ ಎಂಪಿಗಳ ಕೈ ತಪ್ಪಿ ಬೇರೆ ಸಂಸ್ಥೆಗೆ ಹೋಯಿತು.

ಸರಳ ರಾಜಕಾರಣಿಗಳು ನಮ್ಮಲ್ಲಿ ಇರಲಿಲ್ಲವೇ? ಶಾಂತವೇರಿ ಗೋಪಾಲಗೌಡರು ಇದ್ದರಲ್ಲ. ಆದರೆ ಅಂಥವರು ಹುಟ್ಟಲಿ ಅಂತ ಕಾಯುತ್ತ ಕೂರೋದು ಒಂದು ಏರ್ಪಾಡಾ?

ಮತದಾರರ ನಿರೀಕ್ಷೆಯೂ ಇಲ್ಲಿ ಬೇರೆ. ಎಂಪಿಯನ್ನು ಕಾಣಬೇಕಾದರೆ ಮೊದಲೇ ಸಮಯ ಕೇಳಿಕೊಂಡು, ಲೈಬ್ರರಿಯಲ್ಲೋ ಸಮುದಾಯ ಭವನದಲ್ಲೋ ನಡೆಯುವ ‘ಸರ್ಜರಿ’ಗೆ, ಅಂದರೆ ಜನರ ಅಹವಾಲು ಕೇಳುವ ಭೇಟಿಗೆ, ಹೋಗಬೇಕು. ವೀಸಾ, ಬಾಡಿಗೆ ಮನೆ, ಏನಿದ್ದರೂ ಹೇಳಿ ಬರೋದು. ಮಗಳ ಮದುವೆಗೆ ಯಾಕೆ ಬರಲಿಲ್ಲ ಅಂತ ಯಾರೂ ಸಿಟ್ಟಾಗುವುದಿಲ್ಲ. ಊರಲ್ಲಾದರೆ ಮದುವೆಗೆ ಮುಯ್ಯಿ, ಜಾತ್ರೆಗೆ ಚಂದಾ, ಹುಡುಗರ ಕ್ರಿಕೆಟ್ಟಿಗೆ ಕಪ್ಪು, ಎಲ್ಲವೂ ಶಾಸಕರಿಂದಲೇ ಆಗಬೇಕು. ಸಂಬಳದಲ್ಲಿ ಇದೆಲ್ಲ ಆಗುತ್ತಾ? ಕೇಳಿದವರೇ ಆಮೇಲೆ ಟ್ಯೂಬ್ ರೈಲಿನ ಫೋಟೋ ಕಳಿಸುತ್ತಾರೆ.

ಆದರೆ ಒಂದು ಮಾತು. ಊರಲ್ಲಿ ಸಾವಾದ ಮನೆಗೆ ಶಾಸಕರು ಬರುತ್ತಾರೆ, ಹೆಂಗಸರು ಅಳುವುದನ್ನು ಕೇಳುತ್ತ ಸ್ವಲ್ಪ ಹೊತ್ತು ಕೂರುತ್ತಾರೆ. ಇಲ್ಲಿನ ಎಂಪಿಯಿಂದ ನಾನು ಅದನ್ನು ನಿರೀಕ್ಷಿಸಲಾರೆ. ಅದನ್ನೂ ಬಿಡಿ ಅಂತ ನಮ್ಮವರಿಗೆ ಹೇಳಲು ನನಗೆ ಮನಸ್ಸಿಲ್ಲ. ಬರಲಿ, ಹಿಂದೆ ಆರು ಕಾರು ಬೇಡ ಅಷ್ಟೇ.