ಡೈರಿಯಲ್ಲಿ ದೂರು ಬರೆದರೆ ಸಾಲದು

"ತುಂಬಾ ತರಲೆ ಮಾಡುತ್ತಾನೆ. ಪಾಠದ ಕಡೆ ಗಮನವೇ ಇಲ್ಲ. ಮನೆಯಲ್ಲಿ ಬುದ್ಧಿ ಹೇಳಿ." ಶಾಲೆಯ ಡೈರಿಗಳಲ್ಲಿ ಇಂಥ ಸಾಲುಗಳಿಗೆ ಬರವಿಲ್ಲ. ಆದರೆ ಮಗುವಿಗೆ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇದೆಯೇ ಎಂದು ನೋಡುವ ವೈದ್ಯರಿಗೆ ಇವುಗಳಿಂದ ಮೂರು ಕಾಸಿನ ಉಪಯೋಗವಿಲ್ಲ.

ಎಡಿಎಚ್‌ಡಿಯನ್ನು ಪತ್ತೆ ಮಾಡುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಮನೆಯವರು ಮತ್ತು ಶಿಕ್ಷಕರು ಹೇಳುವ ವಿವರವೇ ಮುಖ್ಯ ಆಧಾರ. ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5 ಪ್ರಕಾರ ಗಮನದ ಕೊರತೆಗೆ 9 ಲಕ್ಷಣ, ಅತಿಚಟುವಟಿಕೆ ಮತ್ತು ದುಡುಕಿಗೆ 9. ಶಾಲೆಯ ಮಕ್ಕಳಲ್ಲಿ ಯಾವುದಾದರೂ ಒಂದು ಗುಂಪಿನ ಕನಿಷ್ಠ 6 ಲಕ್ಷಣ 6 ತಿಂಗಳಾದರೂ ಇರಬೇಕು. ಕೆಲವು 12 ವರ್ಷಕ್ಕೆ ಮುಂಚೆಯೇ ಶುರುವಾಗಿರಬೇಕು, ಎರಡು ಕಡೆಯಾದರೂ ಕಾಣಿಸಬೇಕು, ಓದು ಅಥವಾ ಒಡನಾಟಕ್ಕೆ ಅಡ್ಡಿಯಾಗಿರಬೇಕು. ಶಾಲೆಯಲ್ಲಿ ಮಾತ್ರ ಗಲಾಟೆ, ಮನೆಯಲ್ಲಿ, ಅಜ್ಜಿ ಮನೆಯಲ್ಲಿ, ಟ್ಯೂಷನ್‌ನಲ್ಲಿ ಎಲ್ಲ ಸರಿ ಎಂದಾದರೆ ಮೊದಲು ಆ ಶಾಲೆಯಲ್ಲಿ ಏನು ನಡೆಯುತ್ತಿದೆ ಎಂದು ಕೇಳಬೇಕು.

ಹಾಗಾದರೆ ಶಿಕ್ಷಕರು ಏನು ಬರೆಯಬೇಕು? ಕಂಡದ್ದನ್ನು ಕಂಡ ಹಾಗೆ. "ಹತ್ತು ಲೆಕ್ಕದಲ್ಲಿ ನಾಲ್ಕು ಮಾಡಿ ಬಿಟ್ಟ, ನಾಲ್ಕೂ ಸರಿ. ಪಕ್ಕದಲ್ಲಿ ನಿಂತಾಗ ಉಳಿದ ಆರನ್ನೂ ಮುಗಿಸಿದ" ಎಂದು ಬರೆದರೆ ಲೆಕ್ಕ ಬರುತ್ತದೆ, ಹಿಡಿದು ಕೂರುವುದು ಕಷ್ಟ ಎಂದು ಗೊತ್ತಾಗುತ್ತದೆ. ಪಕ್ಕದಲ್ಲಿ ನಿಂತರೂ ಪ್ರಶ್ನೆ ಓದಲಾಗದಿದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆ ಬೇಕು (ಎರಡೂ ಒಟ್ಟಿಗೇ ಇರುವ ಮಕ್ಕಳೂ ಬಹಳ). ಬೋರ್ಡು ನೋಡಿ ಬರೆದದ್ದು ತಪ್ಪು, ಪಕ್ಕದವಳ ನೋಟ್‌ಬುಕ್ ನೋಡಿ ಬರೆದದ್ದು ಸರಿ ಎಂದರೆ ಮೊದಲು ಕಣ್ಣಿನ ಡಾಕ್ಟರು. ಕೆಲವು ಸೆಕೆಂಡು ನೆಟ್ಟ ನೋಟ, ಕರೆದರೂ ಭುಜ ಮುಟ್ಟಿದರೂ ಪ್ರತಿಕ್ರಿಯೆ ಇಲ್ಲ, ಆಮೇಲೆ ಏನೂ ಆಗದವರಂತೆ ಇರುತ್ತಾರೆ ಎಂದರೆ ಅದು ಮೂರ್ಛೆರೋಗದ ಒಂದು ಬಗೆ ಇರಬಹುದು. ರಾತ್ರಿ ಗೊರಕೆ ಹೊಡೆದು ಬಾಯಲ್ಲಿ ಉಸಿರಾಡುವ ಮಗು ಹಗಲು ಚಡಪಡಿಸುವುದು ನಿದ್ದೆ ಕೆಟ್ಟಿದ್ದರಿಂದಲೂ ಇರಬಹುದು. ಅಂಥವರಿಗೆ ಅಡಿನಾಯ್ಡ್ (ಮೂಗಿನ ಹಿಂದಿರುವ ಗ್ರಂಥಿ) ನೋಡಿಸಬೇಕು. ಇಷ್ಟು ವ್ಯತ್ಯಾಸವನ್ನು "ಗಮನವಿಲ್ಲ" ಎಂಬ ಒಂದು ಮಾತು ನುಂಗಿಹಾಕುತ್ತದೆ.

"ಮೊಬೈಲ್ ಕೊಟ್ಟರೆ ಮೂರು ಗಂಟೆ ಅಲ್ಲಾಡದೆ ಕೂರುತ್ತಾನೆ, ಇವನಿಗೆಂಥ ಗಮನದ ಕೊರತೆ?" ಅಪ್ಪಂದಿರ ಅಚ್ಚುಮೆಚ್ಚಿನ ವಾದ ಇದು. ಗೇಮ್‌ನಲ್ಲಿ ಕ್ಷಣಕ್ಷಣಕ್ಕೂ ಅಂಕ, ಸದ್ದು, ಹೊಸ ಚಿತ್ರ. ಮಗ್ಗಿ ಬರೆಯುವಾಗ ಅದು ಯಾವುದೂ ಇಲ್ಲ. ಸಪ್ಪೆ ಕೆಲಸದಲ್ಲಿ ಗಮನವನ್ನು ತಾನಾಗಿ ಹಿಡಿದಿಡುವುದೇ ಈ ಮಕ್ಕಳಿಗೆ ಕಷ್ಟ. ಹಾಗಾಗಿ ಮೊಬೈಲ್ ಮುಂದೆ ಕೂರುವುದರಿಂದ ಎಡಿಎಚ್‌ಡಿ ಇಲ್ಲವೆಂದೂ ಆಗದು, ಇದೆಯೆಂದೂ ಆಗದು.

ಕಿಟಕಿ ಪಕ್ಕ ಸುಮ್ಮನೆ ಕೂತು, ಜಾಮಿಟ್ರಿ ಬಾಕ್ಸ್ ದಿನಾ ಕಳೆದು, ಅರ್ಧ ಪ್ರಶ್ನೆ ಬಿಟ್ಟು ಬರುವ ಹುಡುಗಿಯ ಡೈರಿಯಲ್ಲಿ ದೂರೇ ಇರುವುದಿಲ್ಲ. ಯಾರಿಗೂ ತೊಂದರೆ ಕೊಡದ ತಪ್ಪಿಗೆ ಅವಳು ಪಟ್ಟಿಯಿಂದಲೇ ಬಿಟ್ಟುಹೋಗುತ್ತಾಳೆ.

ತರಗತಿಯಲ್ಲಿ ಮಾಡಬಹುದಾದ್ದಕ್ಕೆ ಖರ್ಚಿಲ್ಲ. ಮುಂದಿನ ಬೆಂಚು, ಬಾಗಿಲಿನಿಂದ ದೂರ. ಇಪ್ಪತ್ತು ಲೆಕ್ಕ ಒಟ್ಟಿಗೆ ಕೊಡುವ ಬದಲು ಐದೈದರಂತೆ, ಪ್ರತಿ ಐದಕ್ಕೆ ಎದ್ದು ಬಂದು ತೋರಿಸಲಿ: ಅವನಿಗೆ ಎದ್ದೇಳುವ ನೆಪವೂ ಸಿಕ್ಕಿತು, ನಿಮಗೆ ತಪ್ಪು ಬೇಗ ಕಂಡಿತು. ಸೂಚನೆ ಒಂದು ಸಲಕ್ಕೆ ಒಂದೇ. ಶಿಕ್ಷೆಯೆಂದು ಪಿ.ಟಿ. ಪೀರಿಯಡ್ ಕಿತ್ತುಕೊಳ್ಳುವುದಂತೂ ಶುದ್ಧ ಮೂರ್ಖತನ. ಓಡಾಟ ಎಲ್ಲರಿಗಿಂತ ಹೆಚ್ಚು ಬೇಕಾದವನನ್ನೇ ಕೂರಿಸಿ, ಮುಂದಿನ ಪೀರಿಯಡ್‌ನಲ್ಲಿ ಸುಮ್ಮನಿರು ಎಂದರೆ ಹೇಗೆ?

ಮನೆಯಲ್ಲಿ ಹೋಮ್‌ವರ್ಕ್ ಹತ್ತು-ಹದಿನೈದು ನಿಮಿಷದ ತುಂಡುಗಳಾಗಲಿ, ಟಿವಿ ಆಫ್ ಆಗಿರಲಿ. "ಪರೀಕ್ಷೆಯಲ್ಲಿ ಒಳ್ಳೆ ಅಂಕ ತಗೊ, ಸೈಕಲ್ ಕೊಡಿಸುತ್ತೇನೆ" ಎಂಬುದು ಇವರ ಹತ್ತಿರ ನಡೆಯದು. ದೂರದ ಬಹುಮಾನ ಇವರನ್ನು ಎಳೆಯುವುದಿಲ್ಲ. ಚಾರ್ಟಿನಲ್ಲಿ ಎರಡೋ ಮೂರೋ ಕೆಲಸ ಮಾತ್ರ ಬರೆದು, ಮಾಡಿದ ಕೂಡಲೇ ಒಂದು ಸ್ಟಾರ್, ಸಂಜೆಯೇ ಅದಕ್ಕೆ ಆಟದ ಸಮಯ. ಎರಡು ವಾರಕ್ಕೆ ಹಳತಾಗುತ್ತದೆ, ಬಹುಮಾನ ಬದಲಿಸಿ. ಚಾರ್ಟು ಸೋಲುವುದು ಹೆಚ್ಚಾಗಿ ದೊಡ್ಡವರು ಮರೆಯುವುದರಿಂದ.

6 ವರ್ಷಕ್ಕಿಂತ ಚಿಕ್ಕವರಿಗೆ ಮೊದಲು ಹೆತ್ತವರ ತರಬೇತಿ, ಮಾತ್ರೆ ಆಮೇಲೆ. ದೊಡ್ಡ ಮಕ್ಕಳಿಗೆ ಸಾಮಾನ್ಯವಾಗಿ ಮಿಥೈಲ್‌ಫೆನಿಡೇಟ್ ಇಲ್ಲವೇ ಅಟೊಮೊಕ್ಸೆಟೀನ್. ಮೊದಲನೆಯದರ ಗುಣ ಅದೇ ದಿನ ಕಾಣಬಹುದು, ಎರಡನೆಯದಕ್ಕೆ ಹಲವು ವಾರ ಬೇಕು. ಎರಡರಲ್ಲೂ ಹಸಿವು ಕಡಿಮೆಯಾಗಬಹುದು, ಹಾಗಾಗಿ ಎತ್ತರ, ತೂಕ, ನಾಡಿ, ರಕ್ತದೊತ್ತಡ ಆಗಾಗ ಅಳೆಸಬೇಕು. ಹೃದಯದ ತೊಂದರೆ ಇದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ ಸಾವಾಗಿದ್ದರೆ, ಶುರು ಮಾಡುವ ಮುಂಚೆಯೇ ಹೇಳಿ. ಪಕ್ಕದ ಮನೆ ಮಗುವಿನ ಚೀಟಿ ನೋಡಿ ಮಾತ್ರೆ ಕೊಡುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೂರವಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಎಲ್ಲಿಗೆ ಹೋಗಬೇಕೆಂದು ಕೇಳಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮಾತ್ರೆ ಶುರುವಾದ ಮೇಲೆ ಡೈರಿ ಇನ್ನೂ ಮುಖ್ಯ. ಸಾಮಾನ್ಯ ಮಿಥೈಲ್‌ಫೆನಿಡೇಟ್‌ನ ಪರಿಣಾಮ ಸುಮಾರು 4 ಗಂಟೆ. ಬೆಳಿಗ್ಗೆ ಎಂಟಕ್ಕೆ ಕೊಟ್ಟದ್ದು ಹನ್ನೆರಡರ ಹೊತ್ತಿಗೆ ಇಳಿಯುತ್ತದೆ, ಸಂಜೆ ನೋಡುವ ಅಮ್ಮನಿಗೆ "ಏನೂ ಬದಲಾಗಿಲ್ಲ" ಅನ್ನಿಸುತ್ತದೆ, ಮಾತ್ರೆ ನಿಂತುಹೋಗುತ್ತದೆ. ಊಟಕ್ಕೆ ಮುಂಚಿನ ಪೀರಿಯಡ್‌ನಲ್ಲಿ ಎಷ್ಟು ಲೆಕ್ಕ ಮುಗಿಯಿತು, ಊಟದ ನಂತರ ಎಷ್ಟು, ಊಟದ ಡಬ್ಬಿಯಲ್ಲಿ ಎಷ್ಟು ಉಳಿಯಿತು ಎಂದು ಒಂದು ವಾರ ಬರೆದುಕೊಟ್ಟರೆ, ಡೋಸ್ ಬದಲಿಸಬೇಕೋ ಹೊತ್ತು ಬದಲಿಸಬೇಕೋ ಎಂದು ಡಾಕ್ಟರು ಅದನ್ನು ನೋಡಿಯೇ ತೀರ್ಮಾನಿಸಬಹುದು.